ಹಳೇ ಕಾರಿನ ಮೀಟರ್ ಡಬ್ಬಿಯ ಹಿಂದೆ

ಹಳೇ ಕಾರಿನ ಮೀಟರ್ ಡಬ್ಬಿ ಬಿಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ವಾಯರ್ ತೆಗೆಯಬೇಕು. ಸ್ಟೀರಿಂಗ್ ಎದುರಿನ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ, ಆಮೇಲೆ ಡಬ್ಬಿಯನ್ನು ಹಿಡಿದಿರುವ ಮೂರೋ ನಾಲ್ಕೋ ಸ್ಕ್ರೂ. ಡಬ್ಬಿಯನ್ನು ಒಂದಿಷ್ಟು ಮುಂದಕ್ಕೆ ಎಳೆದು, ಹಿಂದೆ ಕೈ ತೂರಿಸಿ ಸ್ಪೀಡೋಮೀಟರ್ ಕೇಬಲ್ ಬಿಡಿಸಿ, ವಾಯರುಗಳ ಸಾಕೆಟ್ ಕಳಚಿದರೆ ಮುಗೀತು. ಇಡೀ ಡಬ್ಬಿ ಕೈಗೆ ಬರುತ್ತದೆ. ಕಂಪನಿಯ ಪುಸ್ತಕದಲ್ಲಿ ಇದಕ್ಕೆ ಇನ್‌ಸ್ಟ್ರುಮೆಂಟ್ ಕ್ಲಸ್ಟರ್ ಅಂತ ಹೆಸರು. ನಮ್ಮ ಕಡೆ ಗ್ಯಾರೇಜಿನಲ್ಲಿ ಬರೀ "ಮೀಟರ್". "ಮೀಟರ್ ಬಿಚ್ಬೇಕಾಯ್ತದೆ" ಅಂದರೆ ಅರ್ಧ ದಿನದ ಕೆಲಸ ಎಂದರ್ಥ. :)

ಅರ್ಧ ದಿನ ಯಾಕೆ ಅಂದರೆ ಕರಾವಳಿ. ಭಟ್ಕಳ, ಹೊನ್ನಾವರ, ಕುಮಟಾ - ಮೂರೂ ಸಮುದ್ರದ ಪಕ್ಕದ ಊರುಗಳು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ, ಉಳಿದ ದಿನ ಉಪ್ಪಿನ ಗಾಳಿ. ಸ್ಕ್ರೂಗಳ ತಲೆ ತುಕ್ಕು ಹಿಡಿದು ಸವೆದಿರುತ್ತದೆ. ಮೂವತ್ತು ವರ್ಷದ ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳದ ಥರ ಆಗಿರುತ್ತದೆ, ಸ್ವಲ್ಪ ಜೋರು ಮಾಡಿದರೆ ಚಟ್. ಡಬ್ಬಿಯ ಬೆನ್ನಿಗೆ ಅಂಟಿಸಿದ ತಾಮ್ರದ ಹಾಳೆಯ ಮೇಲೆ ಹಸಿರು ಕಿಲುಬು. ಅರ್ಥ್ ಸರಿಯಾಗಿ ಕೂರದಿದ್ದರೆ ಹೆಡ್‌ಲೈಟ್ ಹಾಕಿದಾಗ ಪೆಟ್ರೋಲ್ ಮುಳ್ಳು ಕುಣಿಯುತ್ತದೆ. ಎಷ್ಟೋ ಸಲ ಮೀಟರ್ ಹಾಳಾಗಿರುವುದೇ ಇಲ್ಲ, ಆ ಕಿಲುಬನ್ನು ತಿಕ್ಕಿ ತೆಗೆದರೆ ಸಾಕು.

ಆದರೆ ಬಿಚ್ಚಿದ ಡಬ್ಬಿಯನ್ನು ತಿರುಗಿಸಿ ನೋಡುತ್ತಾ ಹೋದರೆ ಅದರಲ್ಲಿ ಇರುವುದು ಬರೀ ಮುಳ್ಳು, ಬಲ್ಬುಗಳಲ್ಲ. ದಾರಿಯನ್ನು ಅಳೆಯುವ ಎರಡು ಸಾವಿರ ವರ್ಷದ ಕಥೆಯೇ ಅದರಲ್ಲಿ ಇದೆ. ನಾನು ಕಲಿತದ್ದು ಎಂಜಿನಿಯರಿಂಗ್, ಇತಿಹಾಸ ಅಲ್ಲ. ಆದ್ದರಿಂದ ಬಿಚ್ಚುವ ಕ್ರಮದಲ್ಲೇ ಕಥೆಯನ್ನೂ ಹೇಳುತ್ತೇನೆ, ನನಗೆ ಅದೇ ಸುಲಭ.

*

ಮೊದಲು ಕೈಗೆ ಸಿಗುವುದು ಹೊರಗಿನ ಹಲಗೆ, ಡ್ಯಾಶ್‌ಬೋರ್ಡ್. ಈ ಹೆಸರು ಕಾರಿಗಿಂತ ಹಳೆಯದು. ಕುದುರೆ ಗಾಡಿಯಲ್ಲಿ ಕುಳಿತವರ ಮೇಲೆ ಕುದುರೆಯ ಗೊರಸಿನಿಂದ ಕೆಸರು ಎರಚದಂತೆ ಮುಂದೆ ಒಂದು ಹಲಗೆ ಇರುತ್ತಿತ್ತು, ಅದು ಡ್ಯಾಶ್‌ಬೋರ್ಡ್. ಎಂಜಿನ್ ಬಂದು ಕುದುರೆ ಹೋಯಿತು. ಕೆಸರು ಎರಚುವುದು ನಿಂತರೂ ಹಲಗೆ ಉಳಿಯಿತು. ಖಾಲಿ ಹಲಗೆ ಕಂಡರೆ ಮನುಷ್ಯ ಸುಮ್ಮನಿರುತ್ತಾನೆಯೇ? ಒಂದೊಂದಾಗಿ ಮೀಟರುಗಳನ್ನು ತಂದು ಅದಕ್ಕೇ ಮೊಳೆ ಹೊಡೆದರು.

ನಮ್ಮ ದೇಶದ ರಸ್ತೆಗಳಲ್ಲಿ ಬಹಳ ಕಾಲ ಮೂರೇ ಡ್ಯಾಶ್‌ಬೋರ್ಡುಗಳು ಓಡಾಡಿದವು ಅಂದರೆ ಅತಿಶಯೋಕ್ತಿಯಲ್ಲ. ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1957ರ ಸುಮಾರಿಗೆ ಶುರು ಮಾಡಿದ ಅಂಬಾಸಿಡರ್ ಒಂದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ಫಿಯೆಟ್ 1100 ಎಂದು ತಂದು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿದ ಗಾಡಿ ಇನ್ನೊಂದು. 1983ರ ಡಿಸೆಂಬರ್ 14ರಂದು ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟ ಮಾರುತಿ 800 ಮೂರನೆಯದು. ಅಂಬಾಸಿಡರ್ ಮತ್ತು ಮಾರುತಿ 800 ಎರಡೂ ಒಂದೇ ವರ್ಷ, 2014ರಲ್ಲಿ ನಿಂತವು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು.

ಹಳೆಯ ಅಂಬಾಸಿಡರಿನಲ್ಲಿ ಕೂತವರಿಗೆ ನೆನಪಿರಬಹುದು, ಮೀಟರುಗಳು ಡ್ರೈವರ್ ಎದುರಿಗೆ ಅಲ್ಲ, ಹಲಗೆಯ ನಡುವೆ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯಿಂದ ಬಂದ ರೂಢಿ. ಮೀಟರ್ ನಡುವೆ ಇದ್ದರೆ ಸ್ಟೀರಿಂಗ್ ಎಡಕ್ಕಿದ್ದರೂ ಬಲಕ್ಕಿದ್ದರೂ ಒಂದೇ ಹಲಗೆ ಸಾಕು. ಇದರಿಂದ ಒಂದು ಸಾಮಾಜಿಕ ಲಾಭವೂ ಆಯಿತು. ಸ್ಪೀಡು ಎಷ್ಟು ಅಂತ ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೂ ಕಾಣುತ್ತಿತ್ತು! ಡ್ರೈವರ್ ಸುಳ್ಳು ಹೇಳುವಂತಿರಲಿಲ್ಲ. ಪದ್ಮಿನಿಯಲ್ಲಿ ಮತ್ತು ಮಾರುತಿಯಲ್ಲಿ ಮೀಟರ್ ಡ್ರೈವರ್ ಎದುರಿಗೆ ಹೋಯಿತು, ಅವನೊಬ್ಬನ ಸೊತ್ತಾಯಿತು.

*

ಎರಡನೆಯದು ಕೇಬಲ್. ಡಬ್ಬಿಯ ಹಿಂದೆ ಕೈ ತೂರಿಸಿದಾಗ ಬೆರಳಿಗೆ ಸಿಗುವ ದಪ್ಪ ಕಪ್ಪು ಹುರಿ. ಅದರೊಳಗೆ ಇನ್ನೊಂದು ತೆಳ್ಳಗಿನ ಉಕ್ಕಿನ ಹುರಿ ತಿರುಗುತ್ತಿರುತ್ತದೆ. ಅದರ ಇನ್ನೊಂದು ತುದಿ ಗೇರ್‌ಬಾಕ್ಸಿನಲ್ಲಿ. ಅಂದರೆ ಚಕ್ರ ಎಷ್ಟು ತಿರುಗಿತು ಎನ್ನುವ ಸುದ್ದಿಯನ್ನು ಡ್ಯಾಶ್‌ಬೋರ್ಡಿಗೆ ತಲುಪಿಸುವ ಪೋಸ್ಟ್‌ಮ್ಯಾನ್ ಇದು. ವಿದ್ಯುತ್ ಇಲ್ಲ, ಚಿಪ್ ಇಲ್ಲ, ಬರೀ ತಿರುಗುವುದು. ಜಪಾನೀ ಮೂಲದ ಗಾಡಿಗಳಲ್ಲಿ ಒಂದು ರೂಢಿಯ ಲೆಕ್ಕ ಇದೆ. ಕೇಬಲ್ ನಿಮಿಷಕ್ಕೆ 637 ಸುತ್ತು ತಿರುಗಿದರೆ ಗಂಟೆಗೆ 60 ಕಿಲೋಮೀಟರ್ ವೇಗ. ಗಂಟೆಗೆ 60 ಅಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್ ತಾನೇ? ಹಾಗಾಗಿ ಒಂದು ಕಿಲೋಮೀಟರಿಗೆ 637 ಸುತ್ತು. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್ ಹಿಡಿಯಿರಿ. ಒಂದು ಸಲ ಹೋಗುವಷ್ಟರಲ್ಲಿ ಆ ಹುರಿ 38 ಸಾವಿರ ಸುತ್ತು ಸುತ್ತಿರುತ್ತದೆ. ಗ್ರೀಸ್ ಒಣಗಿದರೆ ಅದು ಕಟಕಟ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಕೇಬಲ್ ಬಂದು ಸೇರುವ ಕಡೆ ಒಂದು ಚಿಕ್ಕ ಆಯಸ್ಕಾಂತ ಇದೆ. ಅದನ್ನು ಒಂದು ಅಲ್ಯೂಮಿನಿಯಂ ಬಟ್ಟಲು ಮುಚ್ಚಿಕೊಂಡಿರುತ್ತದೆ. ಬಟ್ಟಲಿಗೆ ಮುಳ್ಳು ಜೋಡಿಸಿದೆ. ಮಜಾ ಏನೆಂದರೆ ಆಯಸ್ಕಾಂತ ಮತ್ತು ಬಟ್ಟಲು ಒಂದಕ್ಕೊಂದು ತಾಗುವುದೇ ಇಲ್ಲ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಆಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ಸುಳಿಯಂಥ ವಿದ್ಯುತ್ ಹುಟ್ಟಿ, ಬಟ್ಟಲೂ ಅದರ ಹಿಂದೆಯೇ ತಿರುಗಲು ನೋಡುತ್ತದೆ. ಒಂದು ಕೂದಲೆಳೆಯ ಸ್ಪ್ರಿಂಗ್ ಅದನ್ನು ಹಿಡಿದು ಎಳೆಯುತ್ತದೆ. ಈ ಎಳೆದಾಟ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಸ್ಪೀಡು. ಈ ವಿಚಿತ್ರವನ್ನು ಫ್ರಾನ್ಸಿನ ಅರಾಗೋ 1824ರಲ್ಲಿ ಗಮನಿಸಿದ. ಕಾರಣವನ್ನು 1831ರ ಹೊತ್ತಿಗೆ ಫ್ಯಾರಡೆ ಬಿಡಿಸಿ ಹೇಳಿದ. ಆಗ ಜರ್ಮನಿಯಲ್ಲಿದ್ದ ಸ್ಟ್ರಾಸ್‌ಬರ್ಗಿನ ಆಟೋ ಷುಲ್ಜೆ 1902ರಲ್ಲಿ ಅದನ್ನೇ ಸ್ಪೀಡೋಮೀಟರ್ ಮಾಡಿ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಪಂಚದ ಹೆಚ್ಚಿನ ಕಾರುಗಳು ಇದನ್ನೇ ಇಟ್ಟುಕೊಂಡು ಓಡಿದವು. ನಾವು ಬರೆಯುವ ಸಾಫ್ಟ್‌ವೇರ್ ತೊಂಬತ್ತು ತಿಂಗಳು ಬಾಳಿದರೆ ಪಾರ್ಟಿ ಕೊಡುತ್ತಾರೆ, ಅದಿರಲಿ. :)

*

ಇನ್ನು ಅಂಕಿಗಳು. ನನಗೆ ಈ ಡಬ್ಬಿಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ಮುಳ್ಳಿಗೆ ನೆನಪಿಲ್ಲ, ಗಾಡಿ ನಿಂತರೆ ಸೊನ್ನೆಗೆ ಬರುತ್ತದೆ. ಅಂಕಿಗಳಿಗೆ ಮರೆವಿಲ್ಲ. ಅದೇ ಕೇಬಲಿನ ತಿರುಗುವಿಕೆಯನ್ನು ಹಲ್ಲಿನ ಚಕ್ರಗಳು ನಿಧಾನ ಮಾಡುತ್ತಾ ಮಾಡುತ್ತಾ ಅಂಕಿ ಬರೆದ ಗಾಲಿಗಳಿಗೆ ತಲುಪಿಸುತ್ತವೆ. ಒಂದು ಗಾಲಿ ಪೂರ್ತಿ ಸುತ್ತಿದರೆ ಪಕ್ಕದ್ದು ಒಂದು ಮನೆ ಮುಂದೆ ಹೋಗುತ್ತದೆ. ಮೂರನೇ ಕ್ಲಾಸಿನ ದಶಕ, ಬಿಡಿ ಲೆಕ್ಕ, ಅಷ್ಟೇ.

ಇದರ ಮೂಲಪುರುಷನನ್ನು ಹುಡುಕುತ್ತಾ ಹೋದರೆ ರೋಮ್ ತಲುಪುತ್ತೇವೆ. ಕ್ರಿಸ್ತಪೂರ್ವ 1ನೇ ಶತಮಾನದ ವಾಸ್ತುಶಿಲ್ಪಿ ವಿಟ್ರುವಿಯಸ್ ಒಂದು ಗಾಡಿಯನ್ನು ವಿವರಿಸಿದ್ದಾನೆ. ಚಕ್ರದ ಸುತ್ತಳತೆ ಹನ್ನೆರಡೂವರೆ ಅಡಿ. ಅದು 400 ಸುತ್ತು ತಿರುಗಿದರೆ 5000 ಅಡಿ, ಅಂದರೆ ಒಂದು ರೋಮನ್ ಮೈಲಿ. ಪ್ರತಿ ಮೈಲಿಗೂ ಒಂದು ಸಣ್ಣ ಕಲ್ಲು ಠಣ್ ಎಂದು ಪೆಟ್ಟಿಗೆಗೆ ಬೀಳುವ ವ್ಯವಸ್ಥೆ. ಸಂಜೆ ಕಲ್ಲು ಎಣಿಸಿದರೆ ಎಷ್ಟು ದೂರ ಬಂದೆವು ಎಂದು ಗೊತ್ತಾಗುತ್ತದೆ.

ನಮ್ಮ ಕರಾವಳಿಯಲ್ಲಿ ಆ ಥರ ಕಲ್ಲು ಬೀಳುತ್ತಿರಲಿಲ್ಲ. ಇಲ್ಲಿ ದೂರವನ್ನು ಎಣಿಸುತ್ತಿದ್ದುದು ಕಾಲಿನಿಂದ, ದೋಣಿಯಿಂದ, ದಿನದಿಂದ. ಹರದಾರಿ ಅಂದರೆ ಸುಮಾರು ಮೂರು ಮೈಲಿ, ಗಾವುದ ಅಂದರೆ ಅದರ ನಾಲ್ಕರಷ್ಟು. ಆದರೆ ಊರಿಂದ ಊರಿಗೆ ಹರದಾರಿಯ ಉದ್ದ ಬೇರೆ, ಘಟ್ಟ ಹತ್ತುವ ಹರದಾರಿ ಇನ್ನೂ ಉದ್ದ! 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ದಾರಿಯನ್ನು ದಿನಗಳಲ್ಲಿ ಎಣಿಸಿದವನು. ಟಿಪ್ಪು ಸುಲ್ತಾನ್ ಸತ್ತ ಮೇಲೆ ಈ ಸೀಮೆ ಹೇಗಿದೆ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್, 1801ರಲ್ಲಿ ತೆಂಕಣದಿಂದ ಬಡಗಣಕ್ಕೆ ಇದೇ ಭಟ್ಕಳ, ಹೊನ್ನಾವರ, ಕುಮಟಾ ದಾರಿಯಲ್ಲಿ ಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಪುಸ್ತಕ ದಿನಚರಿಯ ರೂಪದಲ್ಲಿದೆ. ಇವತ್ತು ಇಷ್ಟು ಕೋಸ್ ಹೋದೆ, ಇಂಥ ಊರು ಸಿಕ್ಕಿತು, ಇಂಥ ಬೆಳೆ, ಇಂಥ ಜನ. ಅಳತೆ ಮಾತ್ರ ಕೋಸ್, ಜನ ಹೇಳಿದ್ದೇ ಲೆಕ್ಕ. ಆ ಕಾಲಕ್ಕೇ ಕಂಪನಿಯ ಸರ್ವೇಯರುಗಳ ಹತ್ತಿರ ಪೆರಾಂಬುಲೇಟರ್ ಎಂಬ ಅಳತೆ ಚಕ್ರ ಇತ್ತು. ಹಿಡಿಕೆ ಹಿಡಿದು ನೂಕುತ್ತಾ ಹೋದರೆ ಸುತ್ತುಗಳನ್ನು ಲೆಕ್ಕ ಹಾಕುವ ಗಾಲಿ. ಸ್ಪೀಡೋಮೀಟರಿನ ಒಳಗಿನ ಅಂಕಿ ಗಾಲಿಗಳಿಗೆ ಅದು ಹತ್ತಿರದ ಸಂಬಂಧಿ.

ಆಮೇಲೆ ಬ್ರಿಟಿಷರ ಮೈಲಿ ಬಂತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದು ಘಟ್ಟ ಇಳಿದು ಹಡಗು ಹತ್ತುತ್ತಿದ್ದ ಬಂದರುಗಳಲ್ಲಿ ಕುಮಟಾ ಮುಖ್ಯವಾದದ್ದು. ಹತ್ತಿ ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು "ಕುಮಟಾ ಹತ್ತಿ". 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರ ಇತ್ತು. ವ್ಯಾಪಾರ ಬಂದಲ್ಲಿ ರಸ್ತೆ, ರಸ್ತೆ ಬಂದಲ್ಲಿ ಮೈಲಿಗಲ್ಲು.

1956 ನಮ್ಮ ಜಿಲ್ಲೆಗೆ ಎರಡು ಬದಲಾವಣೆ ತಂದ ವರ್ಷ. ನವೆಂಬರ್ 1ಕ್ಕೆ ಉತ್ತರ ಕನ್ನಡ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ ವರ್ಷ ಸಂಸತ್ತು ಮೆಟ್ರಿಕ್ ಅಳತೆಯ ಕಾಯಿದೆ ಮಾಡಿತು. ಮುಂದಿನ ಕೆಲವು ವರ್ಷಗಳಲ್ಲಿ ರಸ್ತೆ ಬದಿಯ ಮೈಲಿ ಹೋಗಿ ಕಿಲೋಮೀಟರ್ ಬಂತು, ಕಾರಿನ ಮೀಟರಿನಲ್ಲೂ ಬಂತು. ಆದರೆ ಬಾಯಲ್ಲಿ ಬರಲಿಲ್ಲ ನೋಡಿ. ಇವತ್ತಿಗೂ ನಾವು "ಕಿಲೋಮೀಟರ್ ಗಲ್ಲು" ಅನ್ನುವುದಿಲ್ಲ, ಮೈಲಿಗಲ್ಲೇ. ಹಾಗೆಯೇ 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟು ನಮ್ಮ 17 ಹೋಗಿ 66 ಆಯಿತು. ಮನೆಯಲ್ಲಿ ಈಗಲೂ ಹದಿನೇಳೇ.

ಅಂಕಿ ಗಾಲಿಗಳಿಗೆ ಗೊತ್ತಿಲ್ಲದ ದೂರ ಒಂದಿದೆ. ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುವ ಮೊದಲು ಎಷ್ಟು ಅಗಲ ಆಗುತ್ತದೆ ಎಂದರೆ, 1998ರಲ್ಲಿ ಪೂರ್ತಿಯಾಗಿ ಓಡಲು ಶುರುವಾದ ಕೊಂಕಣ ರೈಲ್ವೆಯ ಅತ್ಯಂತ ಉದ್ದದ ಸೇತುವೆ ಇರುವುದು ಇಲ್ಲೇ, ಎರಡು ಕಿಲೋಮೀಟರಿಗೂ ಹೆಚ್ಚು. ರಸ್ತೆ ಸೇತುವೆ ಆಗುವ ಮೊದಲು ಈ ಹೊಳೆಯನ್ನು ಗಾಡಿಗಳು ದಾಟುತ್ತಿದ್ದುದು ಜಂಗಲಿನ ಮೇಲೆ. ಎರಡು ದೋಣಿಗಳಿಗೆ ಹಲಗೆ ಹಾಸಿ ಕಟ್ಟಿದ್ದು ಜಂಗಲ್. ಬಸ್ಸು, ಕಾರು ಅದರ ಮೇಲೆ ಸುಮ್ಮನೆ ನಿಂತಿರುತ್ತಿದ್ದವು, ಚಕ್ರ ತಿರುಗುತ್ತಿರಲಿಲ್ಲ. ಗಾಡಿ ಹೊಳೆ ದಾಟಿತು, ಮೀಟರಿಗೆ ಗೊತ್ತೇ ಆಗಲಿಲ್ಲ! ಆ ಕಾಲದ ಎಲ್ಲ ಓಡೋಮೀಟರುಗಳ ಲೆಕ್ಕದಲ್ಲೂ ಶರಾವತಿಯ ಅಗಲ ಬಿಟ್ಟು ಹೋಗಿದೆ.

*

ಮೀಟರ್ ಹೇಳುವುದಕ್ಕೂ ಗಾಡಿ ನಡೆದದ್ದಕ್ಕೂ ನಡುವೆ ಇರುವ ಈ ಸಂದು ಎಷ್ಟು ದೊಡ್ಡದು ಎನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ನಮ್ಮ ಮನೆಯ ಕಾರು ಮಾರುವಾಗ. ನಾನು ಹುಟ್ಟಿದ ವರ್ಷ ಬಂದ ಗಾಡಿ ಅದು. ಯಾವ ಕಂಪನಿಯದು ಎನ್ನುವುದು ಇಲ್ಲಿ ಮುಖ್ಯವಲ್ಲ. ಅಪ್ಪ ಹೈಸ್ಕೂಲ್ ಮೇಷ್ಟ್ರು. ವರ್ಗಾವಣೆಯಾದಂತೆಲ್ಲ ಭಟ್ಕಳ, ಹೊನ್ನಾವರ, ಕುಮಟಾ ಎಂದು ಮೂರೂ ತಾಲೂಕು ಆ ಗಾಡಿಯಲ್ಲೇ ತಿರುಗಿದವರು. ರಿಟೈರ್ ಆದ ಮೇಲೆ ಓಡಾಟ ಕಡಿಮೆಯಾಗಿ, ಮಾರೋಣ ಅಂತಾಯಿತು. ಭಟ್ಕಳ ಕಡೆಯ ಒಬ್ಬರು ಬಂದು ನೋಡಿ ಹೋದರು. ಸ್ಪೀಡೋಮೀಟರ್ ಓಡುತ್ತಿಲ್ಲ, ಅದೊಂದು ಸರಿ ಮಾಡಿಸಿ ಕೊಡಿ ಅಂದರು.

ಹೊನ್ನಾವರದ ಒಂದು ಗ್ಯಾರೇಜಿನಲ್ಲಿ ಮೀಟರ್ ಬಿಚ್ಚಿದಾಗ ನಾನೂ ಪಕ್ಕದಲ್ಲಿ ಇದ್ದೆ. ಕೇಬಲಿನ ಒಳಗಿನ ಹುರಿ ತುಂಡಾಗಿತ್ತು. ಅಂಕಿಗಳು 74,318ಕ್ಕೆ ನಿಂತಿದ್ದವು. ಮೆಕ್ಯಾನಿಕ್ ಒಳ್ಳೆಯ ಮನುಷ್ಯ, ನಮಗೆ ಒಳ್ಳೆಯದಾಗಲಿ ಅಂತಲೇ ಹೇಳಿದ. "ಮೇಷ್ಟ್ರೇ, ಕೇಬಲ್ ಹಾಕ್ತೆ. ಆದ್ರೆ ನನ್ನ ಹತ್ರ ಗುಜರಿಯಿಂದ ಬಂದ ಒಂದು ಫುಲ್ ಮೀಟರ್ ಉಂಟು, ಒಳ್ಳೆ ಕಂಡೀಷನ್. ಅದ್ರಲ್ಲಿ 41 ಸಾವ್ರ ಓಡಿದ್ದು ಉಂಟು. ಅದನ್ನೇ ಕೂರಿಸಿದ್ರೆ ನಿಮಗೂ ನಾಲ್ಕು ಕಾಸು ಹೆಚ್ಚು ಸಿಗ್ತದೆ."

ಅಪ್ಪ ಮಾತಾಡಲಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದರು. ಎರಡು ನೂರು ಪುಟದ ಉದ್ದ ನೋಟ್‌ಬುಕ್, ಮೊದಲ ದಿನದಿಂದ ಪೆಟ್ರೋಲ್ ಹಾಕಿಸಿದ ಪ್ರತಿ ಸಲದ ಲೆಕ್ಕ. ತಾರೀಕು, ಊರು, ಲೀಟರ್, ಮೀಟರ್ ರೀಡಿಂಗ್. ನಾನು ಅದನ್ನು ಚಿಕ್ಕಂದಿನಿಂದ ನೋಡಿದ್ದೆ, ಪುಟ ತಿರುವಿ ಓದಿದ್ದು ಅವತ್ತೇ. ಒಂದು ಪುಟದಲ್ಲಿ 99,870 ಅಂತ ಇದೆ. ಅದರ ಮುಂದಿನ ಸಾಲಿನಲ್ಲಿ 00,142. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಒಂದು ಲಕ್ಷ ಆಯಿತು".

ಹಳೆಯ ಹಲವು ಗಾಡಿಗಳ ಹಾಗೆ ನಮ್ಮದರಲ್ಲೂ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಕೊಳ್ಳುವವರು ನೋಡಿ ಖುಷಿಪಟ್ಟ 74 ಸಾವಿರ ನಿಜವಾಗಿ 1 ಲಕ್ಷದ 74 ಸಾವಿರ. ಯಾರೂ ಕೈ ಹಾಕಿ ತಿರುಗಿಸಿದ್ದಲ್ಲ, ಯಂತ್ರ ತನ್ನ ಪಾಡಿಗೆ ತಾನು ಪ್ರಾಮಾಣಿಕವಾಗಿಯೇ ಎಣಿಸಿದೆ. ಆದರೂ ಅದು ತೋರಿಸುತ್ತಿರುವುದು ಸುಳ್ಳು! ನಾವು ಪ್ರೋಗ್ರಾಮರುಗಳು ಓವರ್‌ಫ್ಲೋ ಅನ್ನುತ್ತೇವಲ್ಲ, ಅದೇ. ಅಷ್ಟೇ ಅಲ್ಲ, ಕೇಬಲ್ ತುಂಡಾದ ಮೇಲಿನ ಕೆಲವು ತಿಂಗಳು ಅಪ್ಪ ರೀಡಿಂಗ್ ಜಾಗದಲ್ಲಿ ಬರೀ ಒಂದು ಗೀಟು ಎಳೆದಿದ್ದರು. ಲೀಟರ್ ಮಾತ್ರ ಬರೆದಿದ್ದರು. ಕೂಡಿಸಿದರೆ 96 ಲೀಟರ್. ಲೀಟರಿಗೆ 15 ಕಿಲೋಮೀಟರ್ ಹಿಡಿದರೆ 1440. ಮೀಟರಿನಲ್ಲಿ ಇಲ್ಲದ ದೂರ ಪೆಟ್ರೋಲಿನ ಲೆಕ್ಕದಲ್ಲಿ ಸಿಕ್ಕಿತು.

ಅಪ್ಪ ಹಳೆಯ ಡಬ್ಬಿಯನ್ನೇ ವಾಪಸ್ ಕೂರಿಸಲು ಹೇಳಿದರು. "ಇನ್ನೊಂದು ಗಾಡಿ ತಿರುಗಿದ್ದು ನಮ್ಮ ಗಾಡಿಗೆ ಯಾಕೆ?" ಅಂದರು, ಅಷ್ಟೇ. ಹೊಸ ಕೇಬಲ್ ಹಾಕಿದ ದಿನ ಪುಸ್ತಕದಲ್ಲಿ ತಾರೀಕು, ಅಂಕಿ ಎರಡೂ ಬರೆದರು. ಕೊಳ್ಳುವವರು ಬಂದಾಗ ಕೇಳುವ ಮೊದಲೇ ಪುಸ್ತಕ ಬಿಚ್ಚಿ ಒಂದು ಲಕ್ಷದ ಪುಟ ತೋರಿಸಿದರು. ಆ ಮನುಷ್ಯ ಸ್ವಲ್ಪ ಹೊತ್ತು ಪುಟ ತಿರುವಿದರು. ಆಮೇಲೆ ಏಳು ಸಾವಿರ ಕಡಿಮೆ ಮಾಡಿ ಅಂದರು, ಅಪ್ಪ ಒಪ್ಪಿದರು. ಹೊರಡುವಾಗ ಅವರು ಕೇಳಿದ್ದು ಆ ಪುಸ್ತಕ ಗಾಡಿಯ ಜೊತೆ ಕೊಡುತ್ತೀರಾ ಅಂತ. ಮೂಲ ಪ್ರತಿ ಕೊಡಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ ಪೂರ್ತಿ ಝೆರಾಕ್ಸ್ ಮಾಡಿಸಿ ಕೊಟ್ಟರು. ಏಳು ಸಾವಿರದ ಮೇಲೆ ಅದರ ಖರ್ಚು ಬೇರೆ!

*

ನನಗೆ ಹೊಳೆದದ್ದು ಇಷ್ಟು. ಅಂಕಿ ತೋರಿಸುವ ಯಂತ್ರ ಒಂದು ದಾಖಲೆ ಹೌದು, ಆದರೆ ಅದು ತನ್ನಷ್ಟಕ್ಕೆ ತಾನೇ ಇತಿಹಾಸ ಆಗುವುದಿಲ್ಲ. ಅದು ಯಾವಾಗ ಸೊನ್ನೆಗೆ ಮರಳಿತು, ಯಾವಾಗ ನಿಂತಿತ್ತು, ಯಾರು ಬಿಚ್ಚಿದರು, ಯಾವುದನ್ನು ಕೂರಿಸಿದರು - ಇದನ್ನು ಬರೆದಿಟ್ಟವರು ಒಬ್ಬರು ಬೇಕು. ಬುಕಾನನ್ನನ ಕೋಸ್ ಎಷ್ಟು ಉದ್ದ ಎಂದು ಇವತ್ತು ಕರಾರುವಾಕ್ಕಾಗಿ ಹೇಳುವುದು ಕಷ್ಟ. ಆದರೂ ಅವನ ಪುಸ್ತಕ ನಮಗೆ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಪ್ರತಿ ದಿನ ಎಲ್ಲಿಂದ ಎಲ್ಲಿಗೆ ಹೋದೆ ಎಂದು ಬರೆದ. ಬರೆದದ್ದರಿಂದ ತಪ್ಪನ್ನೂ ಲೆಕ್ಕ ಹಾಕಬಹುದು.

ಮೀಟರ್ ತಿರುಗಿಸಿ ಗಾಡಿ ಮಾರುವ ಚಾಳಿ ಮೀಟರಿನಷ್ಟೇ ಹಳೆಯದು. ಅಮೆರಿಕ 1972ರಲ್ಲಿ ಅದರ ವಿರುದ್ಧ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ಆಮೇಲೆ ಎಲೆಕ್ಟ್ರಾನಿಕ್ ಮೀಟರ್ ಬಂತು, ಇನ್ನು ಮೋಸ ಇಲ್ಲ ಎಂದುಕೊಂಡರು. ಈಗ ಚಕ್ರದ ಸುದ್ದಿಯನ್ನು ತರುವುದು ಸೆನ್ಸರ್, ಅಂಕಿ ಕೂತಿರುವುದು ಮೆಮೊರಿ ಚಿಪ್ಪಿನಲ್ಲಿ. ಸ್ಕ್ರೂಡ್ರೈವರ್ ಜಾಗದಲ್ಲಿ ಲ್ಯಾಪ್‌ಟಾಪ್ ಬಂತು, ಅಷ್ಟೇ. ಹೊಸ ಗಾಡಿಗಳಲ್ಲಿ ಅದೇ ಅಂಕಿಯನ್ನು ಎರಡು ಮೂರು ಕಡೆ ಬರೆದಿಟ್ಟು ಒಂದಕ್ಕೊಂದು ತಾಳೆ ನೋಡುವುದುಂಟು. ನಮ್ಮ ಭಾಷೆಯಲ್ಲಿ ಅದು ಬ್ಯಾಕಪ್. ಅಪ್ಪನ ಕೆಂಪು ಶಾಯಿ ಮಾಡಿದ್ದೂ ಅದನ್ನೇ ಅಲ್ಲವೇ?

ಇನ್ನು ಕೆಲವು ವರ್ಷಕ್ಕೆ ಕೇಬಲ್ ಇರುವ ಮೀಟರ್ ಬಿಚ್ಚಲು ಗೊತ್ತಿರುವವರು ನಮ್ಮ ಮೂರು ಊರುಗಳಲ್ಲಿ ಬೆರಳೆಣಿಕೆಯಷ್ಟು ಉಳಿಯಬಹುದು. ಹುರಿ ತುಂಡಾದ ಶಬ್ದವನ್ನು ಕೇಳಿಯೇ ಗುರುತಿಸುವ ಕಿವಿ, ಹಪ್ಪಳದಂಥ ಪ್ಲಾಸ್ಟಿಕ್ಕನ್ನು ಮುರಿಯದೆ ಬಿಡಿಸುವ ಬೆರಳು, ಇವಕ್ಕೆಲ್ಲ ಮ್ಯಾನ್ಯುಅಲ್ ಇಲ್ಲ. ನಿಮ್ಮ ಮನೆಯ ಅಂಗಳದಲ್ಲೂ ಟಾರ್ಪಾಲು ಹೊದ್ದು ನಿಂತ ಹಳೇ ಗಾಡಿ ಇದ್ದರೆ, ಗುಜರಿಗೆ ಹಾಕುವ ಮೊದಲು ಒಮ್ಮೆ ಟಾರ್ಪಾಲು ಸರಿಸಿ ಆ ಐದು ಅಂಕಿ ಬರೆದುಕೊಳ್ಳಿ. ಎಷ್ಟು ಸಲ ಸೊನ್ನೆಗೆ ಮರಳಿದೆ ಎಂದು ಮನೆಯ ಹಿರಿಯರನ್ನು ಕೇಳಿ. ಗಾಡಿಯ ಕಥೆ ಕೇಳಲು ಹೋದರೆ ಮನೆಯ ಕಥೆ ಸಿಗುತ್ತದೆ, ನನಗಂತೂ ಸಿಕ್ಕಿತು.